ಉಳಿದ ತೊಂಬತ್ತು ಕಿಲೋ ಯಾರ ಪಾಲು?

ನಾನು ಮೂವತ್ತನಾಲ್ಕು ವರ್ಷ ಗಣಿತ ಪಾಠ ಹೇಳಿದವನು. ನಿವೃತ್ತನಾಗಿ ಎರಡು ದಶಕಗಳು ಸಂದಿವೆ. ಮಕ್ಕಳು ತರಗತಿಯಲ್ಲಿ ಕೇಳಿದ ಸಾವಿರಾರು ಪ್ರಶ್ನೆಗಳಲ್ಲಿ ಉತ್ತರಿಸಿದವುಗಳೆಲ್ಲ ಮರೆತುಹೋಗಿವೆ; ಉತ್ತರಿಸಲಾಗದೆ ಬಿಟ್ಟ ಒಂದೆರಡು ಮಾತ್ರ ಉಳಿದುಕೊಂಡಿವೆ. ಪ್ರತಿ ಸಂಕ್ರಾಂತಿಯಂದು ಮನೆಯ ಮಕ್ಕಳು ಎಳ್ಳುಬೆಲ್ಲದ ಜೊತೆಗೆ ಒಂದು ತುಂಡು ಕಬ್ಬನ್ನು ಕೈಗಿಟ್ಟು ನಮಸ್ಕರಿಸುವಾಗ, ಅವುಗಳಲ್ಲಿ ಒಂದು ತಪ್ಪದೆ ನೆನಪಿಗೆ ಬರುತ್ತದೆ. ಈ ಸಲ ಅದನ್ನು ಬರೆದೇ ಬಿಡೋಣವೆಂದು ಕುಳಿತಿದ್ದೇನೆ.

ಅದು 1980ರ ದಶಕದ ಆರಂಭ. ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಸೇರಿದ ಒಂದು ಹಳ್ಳಿಯ ಶಾಲೆ. ಏಳನೆಯ ತರಗತಿಗೆ ಶೇಕಡಾವಾರು ಲೆಕ್ಕ ಹೇಳಿಕೊಡುತ್ತಿದ್ದೆ. ಪುಸ್ತಕದಲ್ಲಿದ್ದ ಬಡ್ಡಿ, ಬಟ್ಟೆ ವ್ಯಾಪಾರದ ಉದಾಹರಣೆಗಳು ಆ ಮಕ್ಕಳಿಗೆ ರುಚಿಸುತ್ತಿರಲಿಲ್ಲವಾದ್ದರಿಂದ ನಾನೇ ಒಂದು ಲೆಕ್ಕ ಕಟ್ಟಿದೆ: ಒಬ್ಬ ರೈತನು ಕಾರ್ಖಾನೆಗೆ 8 ಟನ್ ಕಬ್ಬು ಸಾಗಿಸಿದನು, ಸಕ್ಕರೆಯ ಇಳುವರಿ ಶೇಕಡ 10 ಆದರೆ ದೊರೆಯುವ ಸಕ್ಕರೆ ಎಷ್ಟು? ಎಂಟುನೂರು ಕಿಲೋ ಎಂದು ಮಕ್ಕಳು ಒಕ್ಕೊರಲಿನಿಂದ ಹೇಳಿದರು. ನನಗೂ ಸಂತೋಷವಾಯಿತು. ಆಗ ಕೊನೆಯ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಕಬ್ಬು ಕಟಾವಿನ ದಿನಗಳಲ್ಲಿ ಗಾಡಿಗೆ ಹೊರೆ ಹೇರಿ, ಮೈಯೆಲ್ಲ ಸೋಗೆಯ ಗೀರುಗಳೊಂದಿಗೆ ತಡವಾಗಿ ಬರುತ್ತಿದ್ದವನು ಅವನು.

"ಸಾ, ನೂರು ಕೇಜಿ ಕಬ್ಬಲ್ಲಿ ಹತ್ತು ಕೇಜಿ ಸಕ್ಕರೆ ಆಯ್ತು. ಮಿಕ್ಕ ತೊಂಬತ್ತು ಕೇಜಿ ಏನಾಯ್ತದೆ? ಅದರ ದುಡ್ಡು ಯಾರ್ಗೆ ಬತ್ತದೆ?"

ತರಗತಿ ನಕ್ಕಿತು. "ಅದನ್ನು ಲೆಕ್ಕದಲ್ಲಿ ಕೇಳಿಲ್ಲ ಕಣೋ, ಕುಳಿತುಕೋ" ಎಂದು ನಾನೂ ನಕ್ಕೆ. ಅವನು ಕುಳಿತ. ಲೆಕ್ಕದಲ್ಲಿ ಅದನ್ನು ಏಕೆ ಕೇಳಿಲ್ಲ ಎಂಬ ಯೋಚನೆ ನನಗೆ ಬಂದುದು ಬಹಳ ವರ್ಷಗಳ ನಂತರ.

ಆ ಪ್ರಶ್ನೆ ಆ ಹುಡುಗನಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಅವನು ಆಲೆಮನೆಯ ಪಕ್ಕದಲ್ಲಿ ಬೆಳೆದವನು, ನನ್ನಂತೆಯೇ. ನನ್ನ ಬಾಲ್ಯದಲ್ಲಿ, ಅಂದರೆ 1950ರ ದಶಕದಲ್ಲಿ, ನಮ್ಮೂರಿನ ಆಲೆಮನೆಯಲ್ಲಿ ಗಾಣವನ್ನು ಎತ್ತುಗಳು ತಿರುಗಿಸುತ್ತಿದ್ದವು. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತಿತ್ತು. ಕುದಿಯುವ ಹಾಲಿಗೆ ಒಂದಿಷ್ಟು ಸುಣ್ಣದ ತಿಳಿ, ಜಜ್ಜಿದ ಬೆಂಡೆ ಗಿಡದ ಲೋಳೆ ಹಾಕಿದರೆ ಕಶ್ಮಲವೆಲ್ಲ ನೊರೆಯಾಗಿ ಮೇಲೆ ತೇಲುತ್ತಿತ್ತು. ಅದನ್ನು ತೆಗೆದು ತಿಪ್ಪೆಗೆ ಹಾಕುತ್ತಿದ್ದರು. ಪಾಕದ ಹದ ನೋಡುವ ಹಿರಿಯರು ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಕೊಪ್ಪರಿಗೆ ಇಳಿಸಲು ಹೇಳುತ್ತಿದ್ದರು. ನಾವು ಹುಡುಗರು ಕಬ್ಬಿನ ತುಂಡಿಗೆ ಬಿಸಿ ಬೆಲ್ಲ ಮೆತ್ತಿಸಿಕೊಂಡು ಓಡುತ್ತಿದ್ದೆವು. ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸುವ ಪದ್ಧತಿ ಇರಲಿಲ್ಲ.

ಅಲ್ಲಿ ವ್ಯರ್ಥವೆಂಬುದೊಂದು ಇರಲಿಲ್ಲ ಎಂಬುದು ಈಗ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕಬ್ಬಿನ ಸೋಗೆ ದನಗಳಿಗೆ. ಒಣಗಿದ ತರಗು ಗದ್ದೆಗೆ ಇಲ್ಲವೆ ಚಪ್ಪರಕ್ಕೆ. ಹಿಂಡಿದ ಸಿಪ್ಪೆಯನ್ನು ಅಂಗಳದಲ್ಲಿ ಹರಡಿ ಒಣಗಿಸಿದರೆ ಮರುದಿನದ ಒಲೆಗೆ ಅದೇ ಸೌದೆ. ಒಲೆಯ ಬೂದಿ, ಕೊಪ್ಪರಿಗೆಯ ಕಶ್ಮಲ ಗೊಬ್ಬರದ ಗುಂಡಿಗೆ. ಕಬ್ಬಿನ ಪ್ರತಿಯೊಂದು ಅಂಶವೂ ಯಾರು ಬೆಳೆದರೋ ಅವರ ಬಳಿಯಲ್ಲಿಯೇ ಸುತ್ತುತ್ತಿತ್ತು. ಮಾರುಕಟ್ಟೆಗೆ ಹೋಗುತ್ತಿದ್ದುದು ಬೆಲ್ಲ ಮಾತ್ರ. ಆದ್ದರಿಂದ "ಮಿಕ್ಕದ್ದು ಯಾರಿಗೆ" ಎಂದು ಆಲೆಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ಹಳೆಯ ಕಾಲವನ್ನು ಬಂಗಾರದ ಕಾಲವೆಂದು ಹೊಗಳುವ ಮುದುಕರ ಸಾಲಿಗೆ ನನ್ನನ್ನು ಸೇರಿಸಬೇಡಿ. ಆಲೆಮನೆಯ ದುಡಿಮೆ ಹಗಲಿರುಳಿನ ದುಡಿಮೆ. ಗಾಣಕ್ಕೆ ಕಬ್ಬು ಕೊಡುವಾಗ ಬೆರಳು ಕಳೆದುಕೊಂಡವರನ್ನು ಕಂಡಿದ್ದೇನೆ. ಬೆಲ್ಲದ ದರವನ್ನು ಮಂಡಿಯ ವರ್ತಕರು ಒಂದು ವಾರದಲ್ಲಿ ಏರಿಸಿ ಇನ್ನೊಂದು ವಾರದಲ್ಲಿ ಇಳಿಸುತ್ತಿದ್ದರು. ಈಚೆಗಂತೂ ಬೆಲ್ಲ ಬೆಳ್ಳಗೆ ಕಾಣಲೆಂದು ಹೈಡ್ರೋಸ್ ಎಂಬ ರಾಸಾಯನಿಕವನ್ನು ಬೆರೆಸಿ ಆಲೆಮನೆಗಳೇ ತಮ್ಮ ಹೆಸರನ್ನು ಕೆಡಿಸಿಕೊಂಡವು. ಇಷ್ಟಾದರೂ ಅಲ್ಲಿ ಲೆಕ್ಕ ರೈತನ ಕಣ್ಣೆದುರಿಗೆ ನಡೆಯುತ್ತಿತ್ತು.

ನಮ್ಮ ಸೀಮೆಯಲ್ಲಿ ಸಕ್ಕರೆ ಉದ್ಯಮವೂ ಮೊದಲು ಬೆಲ್ಲದ ಮೇಲೆಯೇ ನಿಂತಿತ್ತು. ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 1847ರಲ್ಲಿ ಆರಂಭವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ರೈತರು ತಯಾರಿಸಿದ ಬೆಲ್ಲವನ್ನು ಕೊಂಡು, ಅದನ್ನು ಶುದ್ಧಗೊಳಿಸಿ ಸಕ್ಕರೆ ಮಾಡುತ್ತಿತ್ತು. ಎಂದರೆ ರೈತನು ಅಲ್ಲಿಗೆ ಸಿದ್ಧವಸ್ತುವನ್ನು ಮಾರುತ್ತಿದ್ದನೇ ಹೊರತು ಹಸಿ ಕಬ್ಬನ್ನಲ್ಲ. ಸಿಪ್ಪೆಯೂ ಬೂದಿಯೂ ಅವನ ಹಿತ್ತಲಿನಲ್ಲಿಯೇ ಉಳಿಯುತ್ತಿದ್ದವು.

ಕಾಲ ಬದಲಾದದ್ದು ನೀರಿನಿಂದ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ಮೇಲೆದ್ದಿತು. ಇರ್ವಿನ್ ನಾಲೆಯೆಂದು ಕರೆಸಿಕೊಂಡು ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ನಾಲೆಯು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಒಣಭೂಮಿಗೆ ನೀರು ತಂದಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮರುವರ್ಷ ಮಂಡ್ಯದ ಕಾರ್ಖಾನೆ ಕಬ್ಬು ಅರೆಯತೊಡಗಿತು. ಕೊಯಮತ್ತೂರಿನಲ್ಲಿ 1912ರಲ್ಲಿ ಸ್ಥಾಪನೆಗೊಂಡ ಕಬ್ಬು ತಳಿ ಕೇಂದ್ರದಿಂದ ಬಂದ ಕೋ 419 ಎಂಬ ತಳಿ ಗದ್ದೆಗಳನ್ನು ತುಂಬಿತು. ಪಟ್ಟಾಪಟ್ಟಿ ಕಬ್ಬು, ರಸದಾಳಿ ಕಬ್ಬು ಎಂಬ ಹೆಸರುಗಳು ಅಜ್ಜಂದಿರ ಬಾಯಲ್ಲಷ್ಟೇ ಉಳಿದವು. ನಮ್ಮ ಜಿಲ್ಲೆಯ ಶಾಲೆ, ರಸ್ತೆ, ಹೆಂಚಿನ ಮನೆ, ಮಕ್ಕಳ ಮದುವೆ ಎಲ್ಲವೂ ಆ ಕಬ್ಬಿನ ಹಣದಲ್ಲಿ ಆದವು. ನನ್ನಂತಹ ಮೇಷ್ಟ್ರ ಮಗ ಓದಿದ್ದೂ ಆ ಹಣದಿಂದಲೇ. ಆ ಉಪಕಾರವನ್ನು ನಾನು ಅಲ್ಲಗಳೆಯಲಾರೆ.

ಆದರೆ ಕಾರ್ಖಾನೆ ಬಂದಾಗ ಒಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ರೈತನು ಇಡೀ ಕಬ್ಬನ್ನು ಕೊಟ್ಟನು. ಬೆಲೆ ಮಾತ್ರ ಅದರೊಳಗಿನ ಸಕ್ಕರೆಯನ್ನು ಹಿಡಿದು ನಿಗದಿಯಾಯಿತು.

ಈಗ ಹುಡುಗನ ಪ್ರಶ್ನೆಗೆ ಲೆಕ್ಕದ ಮೇಷ್ಟ್ರಾಗಿ ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ಒಂದು ಟನ್ ಕಬ್ಬನ್ನು ಅರೆದರೆ ಸುಮಾರು 100 ಕಿಲೋ ಸಕ್ಕರೆ ಬರುತ್ತದೆ. ಸುಮಾರು 300 ಕಿಲೋ ಹಸಿ ಸಿಪ್ಪೆ, 40ರಿಂದ 45 ಕಿಲೋ ಕಾಕಂಬಿ, 30ರಿಂದ 40 ಕಿಲೋ ಮಡ್ಡಿ ಉಳಿಯುತ್ತವೆ. ಮಿಕ್ಕದ್ದು ನೀರು; ಅದೂ ಆವಿಯಾಗಿ, ಮತ್ತೆ ತಣಿದು ಕಾರ್ಖಾನೆಯ ಕೆಲಸಕ್ಕೇ ಒದಗುತ್ತದೆ. ಸಿಪ್ಪೆಯನ್ನು ಉರಿಸಿ ವಿದ್ಯುತ್ ತಯಾರಿಸುತ್ತಾರೆ. ಕಾರ್ಖಾನೆಗೆ ಬೇಕಾದಷ್ಟು ಬಳಸಿ ಉಳಿದುದನ್ನು ಮಾರುತ್ತಾರೆ. ಸಿಪ್ಪೆಯಿಂದ ಕಾಗದವೂ ಆಗುತ್ತದೆ. ಮಡ್ಡಿ ಗೊಬ್ಬರವಾಗುತ್ತದೆ. ಕಾಕಂಬಿಯಿಂದ ಮದ್ಯಸಾರ, ಅದರಿಂದ ಎಥೆನಾಲ್.

ಕಾಕಂಬಿಯೊಂದನ್ನೇ ತೆಗೆದುಕೊಳ್ಳೋಣ. ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಉಳಿಯುವ ಕೊನೆಯ ಕಾಕಂಬಿಯ ಒಂದು ಟನ್ನಿನಿಂದ 225ರಿಂದ 250 ಲೀಟರ್ ಎಥೆನಾಲ್ ದೊರೆಯುತ್ತದೆ. ಆ ಪ್ರಕಾರ ಒಂದು ಟನ್ ಕಬ್ಬಿನ ಕಾಕಂಬಿಗೆ ಸುಮಾರು 10 ಲೀಟರ್. ಇಂತಹ ಕಾಕಂಬಿಯ ಎಥೆನಾಲಿಗೆ 2024-25ರ ಸಾಲಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಲೆ ಲೀಟರಿಗೆ ಸುಮಾರು 58 ರೂಪಾಯಿ. ಹತ್ತು ಲೀಟರಿಗೆ 580 ರೂಪಾಯಿ. ಭಟ್ಟಿಯ ಖರ್ಚು, ಯಂತ್ರದ ಸಾಲ, ಸಂಬಳ ಎಲ್ಲವನ್ನೂ ಇದರಲ್ಲಿ ಕಳೆಯಬೇಕು, ಒಪ್ಪುತ್ತೇನೆ. ಆದರೂ "ಅದನ್ನು ಲೆಕ್ಕದಲ್ಲಿ ಕೇಳಿಲ್ಲ, ಕುಳಿತುಕೋ" ಎಂದು ಬಾಯಿ ಮುಚ್ಚಿಸುವಷ್ಟು ಸಣ್ಣ ಮೊತ್ತವಲ್ಲ ಅದು.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಹುಡುಗ ಪ್ರಶ್ನೆ ಕೇಳಿದ ಕಾಲದಲ್ಲಿ ಉಳಿದ ತೊಂಬತ್ತು ಕಿಲೋಗೆ ನಿಜಕ್ಕೂ ಹೆಚ್ಚು ಬೆಲೆಯಿರಲಿಲ್ಲ. ಕಾಕಂಬಿಯ ದರವನ್ನು 1993ರವರೆಗೆ ಸರ್ಕಾರವೇ ಕಟ್ಟಿಹಾಕಿತ್ತು. ಹೆಚ್ಚುವರಿ ಸಿಪ್ಪೆ ಕಾರ್ಖಾನೆಗೆ ತಲೆನೋವಾಗಿತ್ತು. ಸಕ್ಕರೆಯಲ್ಲಿಯೂ ಒಂದು ಪಾಲನ್ನು ಪಡಿತರಕ್ಕಾಗಿ ಕಡಿಮೆ ದರಕ್ಕೆ ಲೆವಿಯಾಗಿ ಕೊಡಬೇಕಿತ್ತು. ಅದು ರದ್ದಾದದ್ದು 2013ರಲ್ಲಿ. ಆಮೇಲೆ ಗಾಳಿ ಬೇರೆ ಕಡೆ ತಿರುಗಿತು. 2018ರಿಂದ ಸಕ್ಕರೆಯ ಅಂಶ ಹೆಚ್ಚಿರುವ ಕಾಕಂಬಿಯಿಂದಲೂ, ನೇರವಾಗಿ ಕಬ್ಬಿನ ಹಾಲಿನಿಂದಲೂ ಎಥೆನಾಲ್ ತೆಗೆಯಲು ದಾರಿ ತೆರೆಯಿತು. ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ಮುಟ್ಟಿತು. ಹಿಂದೆ ಕಸವಾಗಿದ್ದುದು ಸರಕಾಯಿತು. ಕಾರ್ಖಾನೆಯ ಕಟ್ಟುಪಾಡುಗಳು ಒಂದೊಂದಾಗಿ ಸಡಿಲಗೊಂಡವು. ರೈತನ ಚೀಟಿಯಲ್ಲಿ ಮಾತ್ರ ಅದೇ ಹಳೆಯ ಎರಡು ಅಂಕಿಗಳು: ತೂಕ, ಇಳುವರಿ.

ಬೆಲೆಯ ಕಾನೂನನ್ನೂ ಸ್ವಲ್ಪ ನೋಡೋಣ. ಕೇಂದ್ರ ಸರ್ಕಾರವು ಪ್ರತಿ ಹಂಗಾಮಿಗೂ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, ಗೊತ್ತುಮಾಡುತ್ತದೆ. 2025-26ನೇ ಹಂಗಾಮಿಗೆ ಶೇಕಡ 10.25 ಇಳುವರಿಯ ಕಬ್ಬಿಗೆ ಕ್ವಿಂಟಾಲಿಗೆ 355 ರೂಪಾಯಿ. ಇಳುವರಿ ಹೆಚ್ಚಿದರೆ ಬೆಲೆ ಏರುತ್ತದೆ, ಕುಗ್ಗಿದರೆ ಇಳಿಯುತ್ತದೆ; ಶೇಕಡ 9.5ಕ್ಕಿಂತ ಕೆಳಗೆ ಹೋದರೂ 329 ರೂಪಾಯಿ 5 ಪೈಸೆಗಿಂತ ಕಡಿಮೆಯಾಗದು. ಇದರಲ್ಲಿ ಕಟಾವು ಮತ್ತು ಸಾಗಾಣಿಕೆಯ ವೆಚ್ಚವನ್ನು ಮುರಿದುಕೊಂಡು ಉಳಿದದ್ದು ರೈತನ ಕೈಗೆ. ಬೆಲೆ ನಿಗದಿ ಮಾಡುವಾಗ ಕಾಕಂಬಿ, ಸಿಪ್ಪೆ, ಮಡ್ಡಿಗಳ ಆದಾಯವನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ಕಬ್ಬು ನಿಯಂತ್ರಣ ಆದೇಶದಲ್ಲಿ ಬರೆದಿದೆ. ಆದರೆ ದೆಹಲಿಯಲ್ಲಿ ಗಣನೆಗೆ ಬಂದದ್ದು ಎಷ್ಟೆಂಬುದು ಹಳ್ಳಿಯ ಚೀಟಿಯಲ್ಲಿ ಕಾಣುವುದಿಲ್ಲ.

ಈ ವ್ಯವಸ್ಥೆಯಲ್ಲಿ ನಮ್ಮ ಮಂಡ್ಯ ಸೀಮೆಗೆ ವಿಶೇಷ ನಷ್ಟವಿದೆ. ಇಲ್ಲಿಯ ಕಬ್ಬಿನ ಸಕ್ಕರೆ ಇಳುವರಿ ಬೆಳಗಾವಿ, ಬಾಗಲಕೋಟೆಯ ಕಬ್ಬಿಗಿಂತ ಕಡಿಮೆ. ಸರಿ, ಸಕ್ಕರೆಗೆ ಕಡಿಮೆ ಬೆಲೆ ಕೊಡಲಿ. ಆದರೆ ಸಕ್ಕರೆ ಕಡಿಮೆಯಿರುವ ಕಬ್ಬಿನಲ್ಲಿ ಸಿಪ್ಪೆಯೇನು ಕಡಿಮೆಯೇ? ಮಡ್ಡಿ ಕಡಿಮೆಯೇ? ಇದಲ್ಲದೆ ಇಳುವರಿಯನ್ನು ಇಡೀ ಕಾರ್ಖಾನೆಗೆ ಸರಾಸರಿಯಾಗಿ ಹಿಡಿಯುತ್ತಾರೆ. ಮುತುವರ್ಜಿಯಿಂದ ಒಳ್ಳೆಯ ಕಬ್ಬು ಬೆಳೆದವನಿಗೂ, ಅಸಡ್ಡೆಯಿಂದ ಬೆಳೆದವನಿಗೂ ಒಂದೇ ಅಂಕಿ. ತರಗತಿಯ ಸರಾಸರಿ ಅಂಕವನ್ನೇ ಪ್ರತಿಯೊಬ್ಬ ವಿದ್ಯಾರ್ಥಿಗೂ ಕೊಟ್ಟಿದ್ದರೆ ನನ್ನನ್ನು ಊರಿನವರು ಶಾಲೆಯಲ್ಲಿ ಇಟ್ಟುಕೊಳ್ಳುತ್ತಿದ್ದರೇ?

ಆ ಹುಡುಗನ ತಂದೆ ಒಮ್ಮೆ ನನ್ನ ಮನೆಗೆ ಬಂದಿದ್ದರು. ಮಡಿಸಿ ಮಡಿಸಿ ಹರಿಯುವಂತಾಗಿದ್ದ ಒಂದು ಚೀಟಿಯನ್ನು ಜೇಬಿನಿಂದ ತೆಗೆದು, "ಮೇಷ್ಟ್ರೇ, ನೀವು ಲೆಕ್ಕ ಬಲ್ಲೋರು, ಇದನ್ನ ವಸಿ ನೋಡಿ ಹೇಳಿ" ಎಂದರು. ಕಾರ್ಖಾನೆಯೊಂದಕ್ಕೆ ಹೊಡೆದ ಕಬ್ಬಿನ ತೂಕದ ಚೀಟಿ ಅದು. ತಾವು ಅಂದಾಜು ಮಾಡಿದ್ದಕ್ಕಿಂತ ಮುಕ್ಕಾಲು ಟನ್ ಕಡಿಮೆ ಬಂದಿದೆ ಎಂಬುದು ಅವರ ಅಳಲು. ಗಾಡಿ ಎರಡು ದಿನ ಸಾಲಿನಲ್ಲಿ ನಿಂತಿತ್ತಂತೆ. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯಬೇಕು; ತಡವಾದಷ್ಟೂ ತೂಕವೂ ಸಿಹಿಯೂ ಇಳಿಯುತ್ತವೆ. ತೂಕದಲ್ಲಿ ಮೋಸವಾಯಿತೋ, ಬಿಸಿಲಿನಲ್ಲಿ ಒಣಗಿತೋ ನಾನು ಹೇಗೆ ಹೇಳಲಿ? ಚೀಟಿಯಲ್ಲಿದ್ದ ಗುಣಾಕಾರ, ವ್ಯವಕಲನಗಳೆಲ್ಲ ಸರಿಯಾಗಿದ್ದವು. "ಲೆಕ್ಕ ಸರಿಯಾಗಿದೆ ಗೌಡರೇ" ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಹಂಗಾರೆ ತಪ್ಪು ಎಲ್ಲೈತೆ?" ಎಂದು ಕೇಳಿ, ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಆ ಹಣ ಅವರ ಕೈಸೇರಿದ್ದು ಎಂಟು ತಿಂಗಳ ಮೇಲೆ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಪಾವತಿಸಬೇಕು, ತಡವಾದರೆ ವರ್ಷಕ್ಕೆ ಶೇಕಡ 15ರಂತೆ ಬಡ್ಡಿ ಸೇರಿಸಬೇಕು ಎಂದು ನಿಯಮವಿದೆ. ಅವರಿಗೆ ಆ ಬಡ್ಡಿ ದೊರೆಯಲಿಲ್ಲ. ಆದರೆ ಅವರು ಗೊಬ್ಬರಕ್ಕೆ ಮಾಡಿದ ಸಾಲದ ಮೇಲಿನ ಬಡ್ಡಿಯನ್ನು ಯಾರೂ ಬಿಡಲಿಲ್ಲ. 2015ರಲ್ಲಿ ನಮ್ಮ ಜಿಲ್ಲೆಯಲ್ಲಿ ಸಾಲದ ಭಾರ ತಾಳಲಾರದೆ ಪ್ರಾಣ ಕಳೆದುಕೊಂಡ ರೈತರಲ್ಲಿ ಕಬ್ಬು ಬೆಳೆಗಾರರು ಅನೇಕರಿದ್ದರೆಂಬುದನ್ನು ಪತ್ರಿಕೆಗಳಲ್ಲಿ ಓದಿದಾಗ, "ಹಂಗಾರೆ ತಪ್ಪು ಎಲ್ಲೈತೆ" ಎಂಬ ಆ ಮಾತು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು.

ಪಾಲಿನ ಮಾತನ್ನು ಎತ್ತುತ್ತಿರುವವನು ನಾನೊಬ್ಬನೇ ಅಲ್ಲ. 1974ರಲ್ಲಿಯೇ ನಿಯಂತ್ರಣ ಆದೇಶಕ್ಕೆ 5-ಎ ಎಂಬ ಕಲಮನ್ನು ಸೇರಿಸಿ, ಸಕ್ಕರೆಯ ಹೆಚ್ಚಿನ ಆದಾಯದಲ್ಲಿ ಬೆಳೆಗಾರನಿಗೂ ಪಾಲು ಸಲ್ಲಬೇಕೆಂದು ಒಪ್ಪಲಾಗಿತ್ತು. 2009ರಲ್ಲಿ ಎಫ್‌ಆರ್‌ಪಿ ಬಂದಾಗ ಅದು ಹೊರಟುಹೋಯಿತು. 2012ರಲ್ಲಿ ಸಿ. ರಂಗರಾಜನ್ ಸಮಿತಿಯು ಸಕ್ಕರೆ ಮತ್ತು ಮುಖ್ಯ ಉಪೋತ್ಪನ್ನಗಳ ಒಟ್ಟು ಮೌಲ್ಯದಲ್ಲಿ ಶೇಕಡ 70, ಇಲ್ಲವೆ ಸಕ್ಕರೆಯೊಂದರ ಮೌಲ್ಯದಲ್ಲಿ ಶೇಕಡ 75 ರೈತನಿಗೆ ಸಲ್ಲಲಿ ಎಂದು ಸಲಹೆ ನೀಡಿತು. ನಮ್ಮ ರಾಜ್ಯವೂ 2013ರಲ್ಲಿ ಕಬ್ಬಿನ ಖರೀದಿ ಮತ್ತು ಸರಬರಾಜಿನ ನಿಯಂತ್ರಣಕ್ಕೆಂದು ಪ್ರತ್ಯೇಕ ಕಾನೂನನ್ನೇ ಮಾಡಿತು. ಇಷ್ಟೆಲ್ಲ ಆದ ಮೇಲೆಯೂ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೊಡಿರೆಂದು ದಿನಗಟ್ಟಲೆ ರಸ್ತೆಯಲ್ಲಿ ಕುಳಿತುಕೊಳ್ಳಬೇಕಾಯಿತು. ಕೊನೆಗೆ ಸರ್ಕಾರವೂ ತನ್ನ ಪಾಲಿನ ಹಣ ಸೇರಿಸಿ 3,300 ರೂಪಾಯಿಗೆ ಮಾತು ಮುಗಿಯಿತು. ಬೆಲೆಯನ್ನು ರಸ್ತೆಯಲ್ಲಿ ಕುಳಿತು ಪಡೆಯಬೇಕಾದರೆ ಲೆಕ್ಕದ ಪುಸ್ತಕ ಎಲ್ಲಿಯೋ ಮುಚ್ಚಿದೆಯೆಂದೇ ಅರ್ಥ.

ಕಾರ್ಖಾನೆಯವರ ಕಷ್ಟಗಳೂ ಸುಳ್ಳಲ್ಲ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರಲ್ಲಿ ಕಿಲೋಗೆ 31 ರೂಪಾಯಿ ಎಂದು ಗೊತ್ತುಮಾಡಿದ ಮೇಲೆ ಕಬ್ಬಿನ ಬೆಲೆ ಏರುತ್ತಲೇ ಇದ್ದರೂ ಆ ಅಂಕಿ ವರ್ಷಗಟ್ಟಲೆ ಕದಲಲಿಲ್ಲ. 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯುವುದಕ್ಕೆ ಇದ್ದಕ್ಕಿದ್ದಂತೆ ತಡೆ ಬಿದ್ದಾಗ, ಸಾಲ ತಂದು ಭಟ್ಟಿ ಕಟ್ಟಿದವರು ಕಂಗಾಲಾದರು. "ಬಂಡವಾಳ ಹಾಕಿದವರು ನಾವು, ಆದಾಯವೂ ನಮ್ಮದೇ" ಎಂದು ಅವರು ಹೇಳಿದರೆ ಅದರಲ್ಲಿ ನ್ಯಾಯವಿಲ್ಲವೆನ್ನಲಾರೆ. ಆದರೆ ಹನ್ನೆರಡು ತಿಂಗಳು ಭೂಮಿಯನ್ನು ಬೇರೆ ಬೆಳೆಗೆ ಬಿಡದೆ, ನಾಲೆಯ ನೀರಿಗಾಗಿ ರಾತ್ರಿ ಕಾದು, ಗೊಬ್ಬರಕ್ಕೆ ಸಾಲ ಮಾಡಿದವನ ಬಂಡವಾಳಕ್ಕೆ ಏನೆಂದು ಹೆಸರು?

ನಾನು ಕೇಳುತ್ತಿರುವುದು ಮೊದಲನೆಯದಾಗಿ ಹಣವನ್ನಲ್ಲ, ಲೆಕ್ಕವನ್ನು. ನಮ್ಮದೇ ಹಳ್ಳಿಯ ಹಾಲಿನ ಡೇರಿಯನ್ನು ನೋಡಿ. ಒಂದು ಲೀಟರ್ ಹಾಲು ತರುವ ಮುದುಕಿಗೂ ಅವಳ ಕಣ್ಣೆದುರೇ ಅಳತೆಯಾಗುತ್ತದೆ, ಅವಳ ಹಾಲಿನ ಜಿಡ್ಡು ಎಷ್ಟೆಂದು ಪರೀಕ್ಷೆಯಾಗುತ್ತದೆ, ಚೀಟಿ ಸಿಗುತ್ತದೆ. ಒಂದು ಲೀಟರ್ ಹಾಲಿಗೆ ಸಲ್ಲುವ ಮರ್ಯಾದೆ ಹತ್ತು ಟನ್ ಕಬ್ಬಿಗೆ ಸಲ್ಲಬಾರದೇ? ರೈತನು ಹೊರಗಿನ ತೂಕದ ಯಂತ್ರದಲ್ಲಿ ತೂಗಿಸಿ ತಂದ ಚೀಟಿಗೆ ಕಾರ್ಖಾನೆಯಲ್ಲಿ ಬೆಲೆಯಿರಬೇಕು. ಕಬ್ಬಿನ ಸಿಹಿಯನ್ನು ಅಳೆಯುವಾಗ ಬೆಳೆಗಾರರ ಪ್ರತಿನಿಧಿ ಜೊತೆಗಿರಬೇಕು. ಎಥೆನಾಲಿಗೆ ಹೋದ ಸಕ್ಕರೆಯ ಅಂಶವನ್ನು ಇಳುವರಿಗೆ ಸೇರಿಸಿದ್ದು ಹೇಗೆಂದು ತೋರಿಸಬೇಕು. ಹಂಗಾಮು ಮುಗಿದ ಮೇಲೆ ಸಕ್ಕರೆ ಇಷ್ಟು, ವಿದ್ಯುತ್ ಇಷ್ಟು, ಎಥೆನಾಲ್ ಇಷ್ಟು, ಖರ್ಚು ಇಷ್ಟು ಎಂದು ಪ್ರತಿ ಕಾರ್ಖಾನೆಯೂ ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಬೇಕು. ಪಾಲು ಎಷ್ಟೆಂಬ ಜಗಳ ಆಮೇಲಿನದು. ಅಂಕಿಗಳು ಇಬ್ಬರಿಗೂ ಕಂಡರೆ ಆ ಜಗಳವನ್ನು ರಸ್ತೆಯಲ್ಲಲ್ಲ, ಮೇಜಿನ ಸುತ್ತ ಕುಳಿತು ಆಡಬಹುದು.

ರೈತ ಮಿತ್ರರಿಗೂ ಒಂದು ಮಾತಿದೆ. ನಾಲೆಯಲ್ಲಿ ನೀರು ಎಂದೆಂದಿಗೂ ಹರಿಯುತ್ತದೆಂದು ನಂಬಿ ಎಲ್ಲ ಗದ್ದೆಗೂ ಕಬ್ಬನ್ನೇ ಹಾಕುವ ಕಾಲ ಹೋಯಿತು. 2016ರಲ್ಲಿಯೂ 2023ರಲ್ಲಿಯೂ ಕಾವೇರಿ ನಮಗೆ ಅದನ್ನು ಕಲಿಸಿದ್ದಾಳೆ. ಹನಿ ನೀರಾವರಿಗೆ ಒಗ್ಗಿಕೊಳ್ಳುವುದು, ತರಗನ್ನು ಸುಡದೆ ಮಣ್ಣಿಗೆ ಸೇರಿಸುವುದು, ರಾಸಾಯನಿಕವಿಲ್ಲದ ಕಂದು ಬೆಲ್ಲಕ್ಕೆ ಆಲೆಮನೆಯನ್ನು ಮತ್ತೆ ಹೂಡುವುದು, ಇವು ಯಾರ ಅಪ್ಪಣೆಯನ್ನೂ ಕಾಯದೆ ಮಾಡಬಹುದಾದ ಕೆಲಸಗಳು. ಮಾರಲು ಎರಡು ಬಾಗಿಲುಗಳಿರುವ ರೈತನ ಮಾತಿಗೆ ಕಾರ್ಖಾನೆಯ ಬಾಗಿಲಿನಲ್ಲಿಯೂ ತೂಕ ಬರುತ್ತದೆ.

ಕಳೆದ ಸಂಕ್ರಾಂತಿಯಂದು ಆ ಹುಡುಗ ನಮ್ಮ ಮನೆಗೆ ಬಂದಿದ್ದ. ಹುಡುಗನೆಂದರೆ ಈಗ ಐವತ್ತು ದಾಟಿದ, ತಲೆ ನರೆತ ಗೃಹಸ್ಥ. ತಂದೆ ಹೋಗಿ ಬಹಳ ವರ್ಷಗಳಾದವು. ಎರಡು ಎಕರೆ ಕಬ್ಬು ಅವನೇ ನೋಡಿಕೊಳ್ಳುತ್ತಾನೆ. ಎರಡು ಜಲ್ಲೆ ಕಬ್ಬನ್ನು ಜಗುಲಿಗೆ ಒರಗಿಸಿ ಕಾಲಿಗೆ ನಮಸ್ಕರಿಸಿದ. ಆ ದಿನದ ಪ್ರಶ್ನೆ ನೆನಪಿದೆಯೇ ಎಂದು ಕೇಳಿದೆ. "ಇಲ್ಲ ಮೇಷ್ಟ್ರೇ" ಎಂದ. ನಾನು ಅದನ್ನು ಮೊದಲಿನಿಂದ ಹೇಳಿ, ಮೇಲಿನ ಲೆಕ್ಕವನ್ನೆಲ್ಲ ಒಂದು ಕಾಗದದ ಮೇಲೆ ಬರೆದು ತೋರಿಸಿದೆ. ಗಮನವಿಟ್ಟು ನೋಡಿ, ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ. ಅವನ ತಂದೆ ಚೀಟಿಯನ್ನು ಮಡಿಸುತ್ತಿದ್ದಂತೆಯೇ.

ಅವನಿಗೆ ಆ ದಿನ ನಾನು ಹೇಳಬೇಕಾಗಿದ್ದ ಉತ್ತರ ಇಷ್ಟೇ: "ಒಳ್ಳೆಯ ಪ್ರಶ್ನೆ ಕಣೋ, ಕುಳಿತುಕೊಳ್ಳಬೇಡ." ನಲವತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ. ಕಬ್ಬು ಬೆಳೆಯುವ ಊರುಗಳಲ್ಲಿ ಈಗ ಗಣಿತ ಹೇಳಿಕೊಡುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳು ಈ ಬರಹವನ್ನು ಓದಿದರೆ ಅವರಲ್ಲಿ ನನ್ನದೊಂದು ವಿನಂತಿ. ಶೇಕಡಾವಾರು ಪಾಠದಲ್ಲಿ ಆ ಲೆಕ್ಕವನ್ನು ಮಕ್ಕಳಿಗೆ ಕೊಡಿ. ಆದರೆ ಸಕ್ಕರೆಗೆ ನಿಲ್ಲಿಸಬೇಡಿ, ನೂರಕ್ಕೆ ನೂರನ್ನೂ ಲೆಕ್ಕ ಮಾಡಿಸಿ.